ಪಡುವಣ ಸಾಲಿನ ನೀರು

ನಮ್ಮ ಊರಿನಲ್ಲಿ ಯಾರನ್ನಾದರೂ ಕಂಡಾಗ ‘ಆರಾಮಾ?’ ಎಂದು ಕೇಳುವುದಿಲ್ಲ. ‘ಊಟಾತೇನ್ರಿ?’ ಎನ್ನುತ್ತೇವೆ, ‘ಬಿಸಿಲು ಬಾಳ ಐತಿ’ ಎನ್ನುತ್ತೇವೆ, ಮಾತು ಸಾಲದೆ ಹೋದರೆ ಎಮ್ಮೆ ಈಯಿತೇ ಎಂದು ವಿಚಾರಿಸುತ್ತೇವೆ. ಆರಾಮವನ್ನು ಮಾತ್ರ ಕೇಳುವುದಿಲ್ಲ. ಇಂಥವರಿಗೆ ಇಂಥ ಕಾಯಿಲೆ ಎಂದು ನಮ್ಮಲ್ಲಿ ಬಾಯಿಬಿಟ್ಟು ಹೇಳಿದರೆ ಕೇಳಿಸಿಕೊಂಡವರಿಗೂ ಅದು ಬರುತ್ತದೆ. ಹೇಳಿದವರಿಗೆ ಇಳಿಯುವುದಿಲ್ಲ, ಕೇಳಿದವರಿಗೆ ಏರದೆ ಬಿಡುವುದಿಲ್ಲ. ಎಲೆಅಡಿಕೆ ಅಗಿದು ಉಗುಳುವಷ್ಟು ಹೊತ್ತು ಸಾಕು, ಮೈ ಕಾದಿರುತ್ತದೆ. ಚೀಟಿಯಲ್ಲಿ ಬರೆದು ತೋರಿಸಿದರೂ ಅಷ್ಟೇ, ಕೈಸನ್ನೆ ಮಾಡಿದರೂ ಅಷ್ಟೇ. ಗುಣವಾದ ಮೇಲೆ, ಇಲ್ಲವೇ ಮಣ್ಣಾದ ಮೇಲೆ ಹೇಳಬಹುದು. ಆಗ ಆ ಮಾತಿನಲ್ಲಿ ವಿಷವಿರುವುದಿಲ್ಲ. ನಾನು ಈಗ ಹೇಳುತ್ತಿರುವುದೂ ಆ ಧೈರ್ಯದಿಂದಲೇ.

ಹೀಗೆಂದು ನಾವೇನೂ ಬದುಕು ಬಿಟ್ಟು ಕೂತವರಲ್ಲ. ತಾಯಂದಿರು ಮಕ್ಕಳ ಹಣೆಯನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಾರೆ. ಹೆಂಡತಿ ಮಗ್ಗುಲು ಬದಲಿಸಿದ ಬಗೆಯಿಂದಲೇ ಗಂಡ ಅವಳ ಸೊಂಟನೋವನ್ನು ತಿಳಿದುಕೊಳ್ಳುತ್ತಾನೆ. ಡಾಕ್ಟರು ಕಿವಿಗೆ ಹತ್ತಿ ಇಟ್ಟುಕೊಂಡು, ಕಣ್ಣು ಕೈಗಳಿಂದಲೇ ನೋಡಿ, ಯಾವುದಕ್ಕೆ ಎಂದು ಹೇಳದೆ ಔಷಧ ಕೊಟ್ಟು ಕಳಿಸುತ್ತಾರೆ. ಹರೆಯದವರಿಗೆ ಇಷ್ಟರಲ್ಲೇ ನಡೆದುಹೋಗುತ್ತದೆ. ವಯಸ್ಸಾದವರಿಗೆ ನಡೆಯುವುದಿಲ್ಲ ಎಂಬುದನ್ನು ನಾನು ಹಿರಿಯರ ಮನೆಯಲ್ಲಿ ಕಣ್ಣಾರೆ ಕಂಡೆ.

ನಾನು ಫಕೀರಪ್ಪ, ಆ ಮನೆಯ ಅಡಿಗೆಯವನು. ನಲವತ್ತಾರು ಮಂದಿ ಅಜ್ಜ ಅಜ್ಜಿಯರು, ಹತ್ತೊಂಬತ್ತು ಮಂದಿ ನೋಡಿಕೊಳ್ಳುವವರು. ಅಂಗಳದ ಎರಡು ಬದಿಗೆ ಎರಡು ಸಾಲು ಕೋಣೆ, ಮೂಡಣ ಸಾಲು, ಪಡುವಣ ಸಾಲು. ಅಲ್ಲಿದ್ದವರಿಗೆ ತಮ್ಮನ್ನು ಎತ್ತಿ ಕೂರಿಸುವ ಆಯಾಗಳ ಮೇಲೆ ಎಷ್ಟು ಅಂತಃಕರಣವೆಂದರೆ, ಜ್ವರ ಬಂದರೂ ಹಲ್ಲುಕಚ್ಚಿ ನಗುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಕೆಮ್ಮಿನ ಜಾಡ್ಯ ಒಳಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ತಟ್ಟೆಗಳು ಅರ್ಧ ಅನ್ನ ಉಳಿಸಿಕೊಂಡು ವಾಪಸು ಬರುತ್ತಿದ್ದವು. ನನ್ನ ಸಾರು ಕೆಟ್ಟಿತೆಂದು ಬೇಳೆ ಬದಲಾಯಿಸಿದೆ, ಹುಣಸೆಹಣ್ಣು ಬದಲಾಯಿಸಿದೆ. ಹನ್ನೆರಡು ದಿನದಲ್ಲಿ ಹನ್ನೊಂದು ಮಂದಿ ಹೋದರು. ಒಬ್ಬರ ಬಾಯಿಂದಲೂ ‘ನನಗೆ ಹೀಗಾಗುತ್ತಿದೆ’ ಎಂಬ ಮಾತು ಬರಲಿಲ್ಲ. ನಾವು ಬದುಕಲೆಂದು ಅವರು ಸುಮ್ಮನೆ ಸತ್ತರು.

ಆ ಚಳಿಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಕಸ್ತೂರಿ ಅಡಿಗೆಮನೆಯ ಹಿಂಬಾಗಿಲಿಗೆ ಬಂದು ನಿಂತಳು. ಪುರಸಭೆಯ ನೀರಿನ ಕಚೇರಿಯಲ್ಲಿ ಇಪ್ಪತ್ತು ವರ್ಷ ಕುಡಿಯುವ ನೀರನ್ನು ಪರೀಕ್ಷೆ ಮಾಡಿದವಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದೇ ನಡೆಯುವವಳು. ನನಗಿಂತ ಚಿಕ್ಕವಳಾದರೂ ಊರೆಲ್ಲ ಕರೆಯುವಂತೆ ನಾನೂ ಕಸ್ತೂರಕ್ಕ ಎಂದೇ ಕರೆಯುತ್ತಿದ್ದೆ.

“ಫಕೀರಣ್ಣ, ನಿಮ್ಮ ಪಾಯಖಾನಿ ನೀರು ಎಲ್ಲಿ ಹಾದು ಹೋಗ್ತೈತಿ?” ಎಂದಳು.

ಬೆಳಗಿನ ಚಹಾ ಕುದಿಸುವ ಹೊತ್ತಿನಲ್ಲಿ ಕೇಳುವ ಮಾತೇ ಅದು? ಆದರೂ ಹೊರಗೆ ಬಂದು ತೋರಿಸಿದೆ. ಎರಡು ಸಾಲಿಗೂ ಒಂದೊಂದು ಚೇಂಬರ್, ಆಮೇಲೆ ಎರಡೂ ಸೇರಿ ರಸ್ತೆಯ ದೊಡ್ಡ ಗಟಾರಕ್ಕೆ. ಅವಳು ತಾನೇ ಹಾರೆ ಹಾಕಿ ಮುಚ್ಚಳ ಎಬ್ಬಿಸಿ ಒಳಗೆ ಬಗ್ಗಿ ನೋಡಿದಳು. ಮೂಗು ಮುಚ್ಚಿಕೊಂಡವನು ನಾನು.

“ಈ ಜಾಡ್ಯದ ವೈರಸ್ಸು ಕೆಮ್ಮು ಬರೂಕಿಂತ ಮೂರು ನಾಕು ದಿನ ಮೊದಲ ಹೊಟ್ಟಿಯಿಂದ ಹೊರಗ ಬರ್ತೈತಿ,” ಎಂದಳು. “ಮನುಷ್ಯಾ ಬಾಯಿ ಮುಚ್ಚಿಕೋಬಹುದು ಫಕೀರಣ್ಣ. ಹೊಟ್ಟಿ ಮುಚ್ಚಿಕೊಳ್ಳಾಕ ಆಗೂದಿಲ್ಲ.”

ಉಪಾಯ ಬಹಳ ಸರಳವಾಗಿತ್ತು. ಹತ್ತಿಯ ಉಂಡೆಯೊಂದನ್ನು ಬಲೆಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಚೇಂಬರಿನಲ್ಲಿ ಇಳಿಬಿಡುವುದು. ಒಂದು ದಿನ ಅದರ ಮೇಲೆ ನೀರು ಹರಿಯಬೇಕು. ಮರುದಿನ ತೆಗೆದು, ಹಿಂಡಿ, ಆ ನೀರನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಕಚೇರಿಗೆ ಒಯ್ದು ಯಂತ್ರಕ್ಕೆ ಹಾಕುವುದು. ದಿನಾ ನಲವತ್ತಾರು ಮೂಗಿಗೆ ಕಡ್ಡಿ ಹಾಕಿ ನೋಡಲು ಊರಿನಲ್ಲಿ ಅಷ್ಟು ಕಡ್ಡಿ ಇರಲಿಲ್ಲ. ಒಂದು ಉಂಡೆ ಹತ್ತಿ ಎಲ್ಲರ ಪರವಾಗಿ ಉತ್ತರ ಕೊಡುತ್ತಿತ್ತು.

ಉತ್ತರವೇನೋ ಬರುತ್ತದೆ, ಅದನ್ನು ಹೇಳುವುದು ಹೇಗೆ? ಪುರಸಭೆಯಲ್ಲಿ ಇಡೀ ಒಂದು ದಿನ ಇದರದೇ ಚರ್ಚೆ ನಡೆಯಿತು. ಕೊನೆಗೆ ಅಧ್ಯಕ್ಷೆ ಸಂಗವ್ವನವರು ತೀರ್ಮಾನ ಹೇಳಿದರು: ಪರೀಕ್ಷೆ ಮಾಡಬಹುದು, ವೈರಸ್ಸು ಇಲ್ಲದಿದ್ದರೆ ‘ಇಲ್ಲ’ ಎಂದು ಹೇಳಬಹುದು, ಇದ್ದರೆ ಮಾತ್ರ ‘ಐತಿ’ ಎಂದು ಯಾರಿಗೂ ಹೇಳಕೂಡದು.

“ಹೇಳಬಾರ್ದು ಅಂದ್ರ ಪರೀಕ್ಷಾ ಯಾಕ್ರಿ ಅಮ್ಮಾರ?” ಎಂದು ಕಸ್ತೂರಿ ಕೇಳಿದಳು.

“ಅದು ಬಂದಾಗ ನೋಡೂಣು.”

“ಇಲ್ಲ ಅನ್ನಾಕ ಬರದ ಆಕಿ ಸುಮ್ನ ಕುಂತ್ರೂ ‘ಐತಿ’ ಅಂದಂಗ ಆತಲ್ರಿ?” ಎಂದು ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಅಷ್ಟರಲ್ಲಿ ಅವಲಕ್ಕಿ ಬಂತು, ಸಭೆ ಮುಗಿಯಿತು.

ಅಂದಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಕಸ್ತೂರಿ ಬರತೊಡಗಿದಳು. ಆರು ಗಂಟೆಗೆ ಉಂಡೆ ತೆಗೆದು ಒಯ್ಯುವಳು, ಸಂಜೆ ನಾಲ್ಕಕ್ಕೆ ಬಂದು ಹಿಂಬಾಗಿಲಲ್ಲಿ ನಿಂತು “ಮೂಡಣ ಇಲ್ಲ, ಪಡುವಣ ಇಲ್ಲ” ಎನ್ನುವಳು. ನಾನು ಒಂದು ಬಟ್ಟಲು ಚಹಾ ಕೊಡುವೆ. ಬೇಸಿಗೆ ಹೋಗಿ ಮಳೆಗಾಲ ಬಂದು ಹೋಯಿತು. ಊರಿನಲ್ಲಿ ಅವಳನ್ನು ನೋಡಿ ನಗುವವರು ಕಡಿಮೆಯಿರಲಿಲ್ಲ. ಹೆಸರು ಕಸ್ತೂರಿ, ಕೈ ಗಟಾರದಾಗ ಎಂದು ಅವಳು ಹಾದುಹೋದ ಮೇಲೆ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಅವಳ ಸ್ವಂತ ನಾದಿನಿಯೇ ಮದುವೆಯ ಊಟದಲ್ಲಿ ಇವಳ ಪಕ್ಕದ ಎಲೆಯಿಂದ ಎದ್ದು ಹೋದಳಂತೆ. ಅದನ್ನು ನನಗೆ ಹೇಳಿದಾಗಲೂ ಕಸ್ತೂರಿ ಚಹಾ ಆರಿಸಿಕೊಳ್ಳುತ್ತಲೇ ಇದ್ದಳು.

ಚಳಿ ಶುರುವಾದ ಒಂದು ಶುಕ್ರವಾರ ಅವಳು ನಾಲ್ಕಕ್ಕೆ ಬಂದವಳು ಎಂದಿನ ಮಾತು ಆಡಲಿಲ್ಲ. “ಫಕೀರಣ್ಣ, ಪಡುವಣ ಸಾಲಿನ ಮಂದಿ ಖಾರ ಬಿಟ್ಟಾರೇನು?” ಎಂದು ಕೇಳಿದಳು.

ನನಗೆ ನಗು ಬಂತು. “ಖಾರ ಬಿಡೂದಂದ್ರ? ಯಮುನಾಬಾಯಿ ಟೀಚರು ಹಾಲು ಅನ್ನಕ್ಕೂ ಬೆರಳ ಗಾತ್ರದ ಮೆಣಸಿನಕಾಯಿ ಕೇಳ್ತಾರ. ಹುಸೇನಸಾಬ ಅಜ್ಜ ಕೆಂಪು ಖಾರದ ರಂಜಕ ಇಲ್ಲಂದ್ರ ರೊಟ್ಟಿ ಮುಟ್ಟೂದಿಲ್ಲ. ಹಲ್ಲಿಲ್ಲ, ಆದ್ರ ನಾಲಿಗಿ ಐತಿ.”

ಅವಳು ನಗಲಿಲ್ಲ. ಕಟ್ಟೆಯ ಮೇಲೆ ಕೂತು ವಿವರಿಸಿದಳು. ಮೆಣಸಿನ ಗಿಡಕ್ಕೆ ಬರುವ ಒಂದು ವೈರಸ್ಸು ಇದೆ. ಅದು ಮೆಣಸಿನಕಾಯಿಯ ಜೊತೆ ನಮ್ಮ ಹೊಟ್ಟೆಗೆ ಹೋಗಿ, ನಮಗೇನೂ ಮಾಡದೆ, ಹಾಗೇ ಹೊರಗೆ ಬರುತ್ತದೆ. ಖಾರ ತಿನ್ನುವ ಮನೆಯ ಪಾಯಖಾನೆ ನೀರಿನಲ್ಲಿ ಅದು ಇದ್ದೇ ತೀರಬೇಕು. ಹತ್ತಿಗೆ ಸರಿಯಾದ ನೀರು ಹತ್ತಿದೆಯೋ ಇಲ್ಲವೋ ಎಂದು ಅವಳು ಪ್ರತಿಸಲವೂ ಮೊದಲು ಅದನ್ನೇ ನೋಡುತ್ತಿದ್ದಳು. ಈ ಸಲ ಪಡುವಣದ ಹತ್ತಿಯಲ್ಲಿ ಮೆಣಸಿನ ವೈರಸ್ಸು ಒಂದಿಷ್ಟೂ ಇರಲಿಲ್ಲ.

“ಜಾಡ್ಯ ಇಲ್ಲ ಅಂತ ಯಂತ್ರ ಹೇಳ್ತೈತಿ. ಖಾರನೂ ಇಲ್ಲ ಅಂತೈತಿ. ಖಾರ ಇಲ್ಲ ಅನ್ನೂದು ಸುಳ್ಳಾದ್ರ, ಜಾಡ್ಯ ಇಲ್ಲ ಅನ್ನೂದನ್ನ ಹೆಂಗ ನಂಬೂದು? ಯಾರೋ ಚೇಂಬರಿಗೆ ಬ್ಲೀಚಿಂಗ್ ಪೌಡರ್ ಸುರುವ್ಯಾರ. ಅದು ಎಲ್ಲಾ ವೈರಸ್ಸೂ ಅಳಿಸಿ ಹಾಕೈತಿ.”

ನಾವಿಬ್ಬರೂ ಹೋಗಿ ಮುಚ್ಚಳ ಎಬ್ಬಿಸಿದೆವು. ಗೋಡೆಗೆ ಬಿಳಿ ಹಿಟ್ಟು ಮೆತ್ತಿಕೊಂಡಿತ್ತು, ಮೂಗಿಗೆ ಘಾಟು ಹೊಡೆಯಿತು. ತಲೆಯೆತ್ತಿದರೆ ಹಿಂದೆ ಮೇಲ್ವಿಚಾರಕರಾದ ಜಯತೀರ್ಥರು ನಿಂತಿದ್ದರು. ಮೂವತ್ತು ವರ್ಷ ಆ ಮನೆಯನ್ನು ನಡೆಸಿದವರು, ಇಸ್ತ್ರಿ ಮಾಡಿದ ಬಿಳಿ ಅಂಗಿಯವರು. ನಾವು ಕೇಳುವ ಮೊದಲೇ ಹೇಳಿಬಿಟ್ಟರು.

“ನಾನ ಹಾಕೀನಿ. ಬುಧವಾರ ನಾಕು ತಟ್ಟಿ ಊಟ ಹಂಗ ವಾಪಸ್ ಬಂದಿದ್ದು ನೋಡಿದೆ. ನೋಡಿದ ಕೂಡಲೇ ಹಾಕಿದೆ.”

ಬುಧವಾರ ಪಾತ್ರೆ ತೊಳೆಯುವ ಕಡೆ ನಾನು ಹೋಗಿರಲಿಲ್ಲ. ಕಸ್ತೂರಿ ಸಿಟ್ಟಿಗೇಳುತ್ತಾಳೆಂದು ತಿಳಿದಿದ್ದೆ. ಅವಳು “ಯಾಕ್ರಿ ಸರ?” ಎಂದಷ್ಟೇ ಕೇಳಿದಳು.

ಜಯತೀರ್ಥರು ಚೇಂಬರಿನ ಅಂಚಿನಲ್ಲೇ ಕುಕ್ಕರಿಸಿದರು. “ನನಗ ಇಪ್ಪತ್ತು ವರ್ಷ ಇದ್ದಾಗ ಕಾಮಾಲಿ ಆಗಿತ್ತು. ನನ್ನ ತಮ್ಮಗ ಹದಿನೇಳು. ಏನಾಗೈತಿ ಹೇಳು, ಹೇಳು ಅಂತ ಗಂಟುಬಿದ್ದ. ತಡಕೊಳ್ಳಾಕ ಆಗಲಿಲ್ಲ, ಹೇಳಿದೆ. ನಾನು ಉಳದೆ. ಅಂವ ಉಳೀಲಿಲ್ಲ.” ಗೋಡೆಗೆ ಮೆತ್ತಿದ ಬಿಳಿ ಹಿಟ್ಟನ್ನು ತೋರಿಸಿ ಹೇಳಿದರು, “ನೀವು ‘ಐತಿ’ ಅಂದ್ರ, ಅದು ಈ ಮನಿ ತುಂಬ ಹರಡತೈತಿ ಕಸ್ತೂರಿ. ಅರವತ್ತೈದು ಮಂದಿ. ನಾನು ಇನ್ನೊಮ್ಮಿ ಅದನ್ನ ನೋಡಲಾರೆ.”

ಕಸ್ತೂರಿ ಅವರ ಎದುರಿಗೆ ನೆಲದ ಮೇಲೆ ಕೂತಳು. “ಸರ, ಹೇಳಿ ನೀವು ಒಬ್ಬನ್ನ ಕಳಕೊಂಡ್ರಿ. ಹೋದ ವರ್ಷ ಹೇಳದ ನಾವೆಲ್ಲಾ ಕೂಡಿ ಹನ್ನೊಂದು ಮಂದಿನ್ನ ಕಳಕೊಂಡ್ವಿ. ಈ ಸಲ ನೀರನ್ನ ಕೇಳೂಣ್ರಿ. ನೀರು ಹೇಳಿದ್ದನ್ನ ಹೇಳೂದು, ಮನುಷ್ಯಾ ಹೇಳಿದಂಗ ಆಕ್ಕೈತೋ ಇಲ್ಲೋ ನನಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತ ಮಾಡಿಕೋಬೇಕು.”

ಜಯತೀರ್ಥರು ಎದ್ದು ಹೋಗಿ ಉಗ್ರಾಣದಲ್ಲಿದ್ದ ಬ್ಲೀಚಿಂಗ್ ಪೌಡರಿನ ಚೀಲಗಳನ್ನು ಒಂದು ಕೋಣೆಗೆ ಹಾಕಿ ಬೀಗ ಜಡಿದು, ಬೀಗದ ಕೈ ತಂದು ಅವಳ ಕೈಯಲ್ಲಿಟ್ಟರು.

ಮರುದಿನ ಬೆಳಿಗ್ಗೆ ಕಸ್ತೂರಿ ನಾಲ್ಕು ಕೊಡ ನೀರು ಹೊಯ್ದು ಚೇಂಬರ್ ತೊಳೆದು, ಹೊಸ ಉಂಡೆ ಇಳಿಬಿಟ್ಟಳು. ಒಂದು ದಿನ ಕಾಯಲು ಪುರುಸೊತ್ತಿರಲಿಲ್ಲ. ನನ್ನ ಅಡಿಗೆಮನೆಯ ಮಣೆ ಒಯ್ದು ಚೇಂಬರಿನ ಪಕ್ಕದಲ್ಲೇ ಹಾಕಿಕೊಂಡು ಕೂತಳು. ಪಡುವಣ ಸಾಲಿನವರು ಎದ್ದು, ಒಬ್ಬೊಬ್ಬರಾಗಿ ಪಾಯಖಾನೆಗೆ ಹೋಗಿ ಬರುವವರೆಗೆ ಅಲ್ಲಾಡಲಿಲ್ಲ. ಅಲ್ಲಿಗೇ ಉಪ್ಪಿಟ್ಟು ಕೊಟ್ಟರೆ ಅಲ್ಲೇ ಕೂತು ತಿಂದಳು. ಹತ್ತು ಗಂಟೆಗೆ ದಾರ ಎಳೆದು, ಡಬ್ಬಿ ಎತ್ತಿಕೊಂಡು, ಓಡುವಂತೆ ನಡೆದು ಹೋದಳು.

ಸಂಜೆ ನಾಲ್ಕಕ್ಕೆ ಹಿಂಬಾಗಿಲಲ್ಲಿ ನಿಂತಾಗ ಅವಳ ಮುಖ ಸುಣ್ಣದಂತಿತ್ತು. ಒಲೆಯ ಮೇಲೆ ರಾತ್ರಿಯ ಅನ್ನಕ್ಕೆ ಎಸರು ಮರಳುತ್ತಿತ್ತು. ನಾನು ಅಕ್ಕಿ ಹಾಕಿ, ಕೈ ಒರೆಸಿಕೊಂಡು ಹತ್ತಿರ ಹೋದೆ.

“ಖಾರ ಬಂತೇನ್ರಿ?”

“ಬಂತು. ಚಲೋ ಬಂತು.” ಅಷ್ಟು ಹೇಳಿ ತುಟಿ ಬಿಗಿದಳು.

“ಮುಂದಿಂದು ಹೇಳ್ರಿ ಕಸ್ತೂರಕ್ಕ. ನನಗ ಹೇಳ್ರಿ.”

“ಫಕೀರಣ್ಣ, ಯಂತ್ರ ತೋರಿಸಿದ್ದು ನೋಡಿ ನನಗ ಏನೂ ಬಂದಿಲ್ಲ, ಖರೆ. ಆದ್ರ ಯಂತ್ರಕ್ಕ ಬಾಯಿಲ್ಲ. ನನಗೈತಿ.”

“ಹೋದ ವರ್ಷ ತಟ್ಟಿ ಎಲ್ಲಾ ನನ್ನ ಮುಂದ ಬಂದಿದ್ವು. ನಾ ಬ್ಯಾಳಿ ಬದಲಿ ಮಾಡ್ಕೋತ ಕುಂತೆ. ಈ ಸಲ ಕೇಳೂ ಪಾಳಿ ನಂದು,” ಎಂದೆ.

ಒಳಬಾಗಿಲಲ್ಲಿ ಜಯತೀರ್ಥರು ಕಾಣಿಸಿದರು. ಹೊರಟುಹೋಗುತ್ತಾರೆಂದುಕೊಂಡೆ. ಅವರು ಒಳಗೆ ಬಂದು ನನ್ನ ಪಕ್ಕಕ್ಕೆ, ಭುಜಕ್ಕೆ ಭುಜ ತಾಗುವ ಹಾಗೆ ನಿಂತರು. “ನಾನೂ ಕೇಳ್ತೀನಿ,” ಎಂದರು.

ಕಸ್ತೂರಿ ಕಣ್ಣು ಮುಚ್ಚಿ ತೆರೆದಳು. “ಪಡುವಣ ಸಾಲಿನ ನೀರಿನ್ಯಾಗ ಜಾಡ್ಯ ಐತಿ,” ಎಂದಳು.

ಅನ್ನ ಕುದಿಯುತ್ತಿತ್ತು. ಕಸ್ತೂರಿ ಒಂದು ಕೈ ನನ್ನ ಹಣೆಯ ಮೇಲೆ, ಇನ್ನೊಂದು ಕೈ ಜಯತೀರ್ಥರ ಹಣೆಯ ಮೇಲೆ ಇಟ್ಟುಕೊಂಡು ನಿಂತಿದ್ದಳು. ನನ್ನ ಬೆನ್ನಿನ ಮೇಲೆ ಬೆವರು ಇಳಿಯಿತು, ಬಂತು ಎಂದುಕೊಂಡೆ. ಒಲೆಯ ಮುಂದಿನ ಬೆವರು ಅದು. ಗಂಟಲು ಒಣಗಿತು, ಇದೇ ಎಂದುಕೊಂಡೆ. ಹೆದರಿಕೆಯ ಒಣಗು ಅದು. ಎಲೆಅಡಿಕೆ ಅಗಿದು ಉಗುಳುವ ಹೊತ್ತು ಹೋಯಿತು, ಅದರ ಎರಡರಷ್ಟು, ಮೂರರಷ್ಟು ಹೋಯಿತು. ಅನ್ನ ಬೆಂದು ಅರಳಿತು. ಕಸ್ತೂರಿ ನಮ್ಮ ಹಣೆಗಳಿಂದ ಕೈ ತೆಗೆದು, “ತಣ್ಣಗ ಅದೀರಿ. ಇಬ್ಬರೂ ತಣ್ಣಗ ಅದೀರಿ,” ಎಂದಳು.

ಜಯತೀರ್ಥರು ತಮ್ಮ ಹಣೆಯನ್ನು ತಾವೇ ಮುಟ್ಟಿ ನೋಡಿಕೊಂಡರು. “ಯಾರದು ಅಂತ ನೀರು ಹೇಳಲಿಲ್ಲಲ್ಲ,” ಎಂದರು ಮೆಲ್ಲಗೆ, ತಮಗೆ ತಾವೇ. “ಹೆಸರಿಲ್ಲ. ಅದಕ್ಕ ಅಂಟಲಿಲ್ಲ.” ಆಮೇಲೆ ಅವರು ಹೊರಟ ರಭಸವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅರವತ್ತೆರಡು ವರ್ಷದ ಮನುಷ್ಯ ಅಂಗಳದಲ್ಲಿ ಓಡಿದರು. ಪಡುವಣ ಸಾಲಿನ ಕಿಟಕಿಗಳೆಲ್ಲ ದಡದಡನೆ ತೆರೆದುಕೊಂಡವು. ಎರಡು ಸಾಲಿನವರು ಒಟ್ಟಿಗೆ ಕೂತು ಉಣ್ಣುವುದು ಆ ಸಂಜೆಗೇ ನಿಂತಿತು. ಆಯಾಗಳ ಬಾಯಿ ಮೂಗಿಗೆ ಬಟ್ಟೆ ಬಂತು. ಅತ್ತಣ ಆಯಾಗಳು ಇತ್ತ ಬರಕೂಡದೆಂದು ಅಂಗಳದ ನಡುವೆ ನನ್ನ ಉದ್ದನೆಯ ಬೆಂಚು ಅಡ್ಡ ಬಿತ್ತು. ಕತ್ತಲಾಗುವ ಮೊದಲೇ ಡಾಕ್ಟರ್ ನಫೀಸಾ ಊರಿನಲ್ಲಿದ್ದ ಕಡ್ಡಿಗಳನ್ನೆಲ್ಲ ಬಾಚಿಕೊಂಡು ಬಂದರು. ನಲವತ್ತಾರಕ್ಕೆ ಸಾಲದಿದ್ದ ಕಡ್ಡಿ ಪಡುವಣದ ಇಪ್ಪತ್ತಮೂರು ಮಂದಿಗೂ ಅವರ ಆಯಾಗಳಿಗೂ ಸಾಕಾಯಿತು.

ಐದು ಮಂದಿ ಸಿಕ್ಕರು: ಯಮುನಾಬಾಯಿ ಟೀಚರು, ಹುಸೇನಸಾಬ ಅಜ್ಜ, ಇನ್ನಿಬ್ಬರು ಅಜ್ಜಿಯರು ಮತ್ತು ಆಯಾ ರತ್ನವ್ವ. ಹುಸೇನಸಾಬ ಎರಡು ದಿನದಿಂದ ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಕೆಮ್ಮನ್ನು ನುಂಗುತ್ತಿದ್ದನಂತೆ. ನಾನು ಬಾಗಿಲಾಚೆ ಗಂಜಿ ಹಿಡಿದು ನಿಂತಿದ್ದೆ. ಡಾಕ್ಟರು ಕಡ್ಡಿ ನೋಡಿ, ಏನೂ ಅನ್ನದೆ, ಮಾತ್ರೆ ಬಿಡಿಸಿ ಅವನ ಅಂಗೈಯಲ್ಲಿಟ್ಟರು. ಅಜ್ಜ ಆ ಮಾತ್ರೆಯನ್ನೇ ಬಹಳ ಹೊತ್ತು ನೋಡಿದ.

“ಮಗಳ, ನಾ ಏನೂ ಹೇಳಿಲ್ಲ ಹೌದಿಲ್ಲೋ?”

“ಇಲ್ಲ ಅಜ್ಜಾ. ನೀವು ಏನೂ ಹೇಳಿಲ್ಲ.”

“ಹಂಗಾರ ನಿನಗೇನೂ ಆಗೂದಿಲ್ಲ,” ಎಂದು ಅವನು ನಿಶ್ಚಿಂತೆಯಿಂದ ದಿಂಬಿಗೆ ಒರಗಿದ. ಎರಡು ದಿನ ಹಿಡಿದಿಟ್ಟ ಕೆಮ್ಮೆಲ್ಲ ಆಗ ಹೊರಗೆ ಬಂತು. ಕೆಮ್ಮುತ್ತಲೇ ನಗುತ್ತಿದ್ದ.

ಆಮೇಲೆ ಹದಿನಾರು ದಿನ ಕಷ್ಟದ್ದೇ. ಯಮುನಾಬಾಯಿಯವರಿಗೆ ನಾಲ್ಕು ದಿನ ಆಮ್ಲಜನಕದ ಸಿಲಿಂಡರ್ ಬೇಕಾಯಿತು. ಕಸ್ತೂರಿ ದಿನಾ ಎರಡೂ ಚೇಂಬರ್ ನೋಡಿದಳು, ದಿನಾ ನಮಗೆ ಬಾಯಿಬಿಟ್ಟು ಹೇಳಿದಳು: ಮೂಡಣ ಇಲ್ಲ, ಪಡುವಣ ಐತಿ, ಮೂಡಣ ಇಲ್ಲ, ಪಡುವಣ ಕಡಿಮಿ ಆಗೈತಿ. ರತ್ನವ್ವನನ್ನು ಬಿಟ್ಟು ಉಳಿದ ಹದಿನೆಂಟು ಮಂದಿಯೂ ಅಂಗಳದಲ್ಲಿ ನಿಂತು ಕೇಳಿದೆವು. ಮೊದಲ ದಿನ ಅರ್ಧ ಮಂದಿ ಕಿವಿಗೆ ಬೆರಳಿಟ್ಟಿದ್ದರು. ಮೂರನೆಯ ದಿನ ಕಿವಿ ಮಂದವಾದ ತೋಟದ ಮಾಲಿ “ಗಟ್ಟಿಯಾಗಿ ಹೇಳವಾ” ಎಂದು ಕೂಗಿದ. ಹದಿನೇಳನೆಯ ದಿನ ಅವಳು “ಮೂಡಣ ಇಲ್ಲ, ಪಡುವಣ ಇಲ್ಲ” ಎಂದಾಗ ನಲವತ್ತಾರು ಮಂದಿಯೂ ಜೀವಂತವಿದ್ದರು. ಯಮುನಾಬಾಯಿ ಟೀಚರು ಹಾಸಿಗೆಯಲ್ಲಿ ಎದ್ದು ಕೂತು ನನ್ನನ್ನು ಕರೆಸಿ, ಸಪ್ಪೆ ಗಂಜಿ ಕೊಟ್ಟು ಕೊಟ್ಟು ತಮ್ಮ ನಾಲಿಗೆ ಕೆಡಿಸಿದೆನೆಂದು ಬೈದರು. ಅಷ್ಟು ಸಿಹಿಯಾದ ಬೈಗುಳ ನನ್ನ ಜನ್ಮದಲ್ಲಿ ತಿಂದಿಲ್ಲ.

ಸುದ್ದಿ ಊರಿಗೆ ಹಬ್ಬಿತು. ಊರಿನಲ್ಲಿ ಇಂಥ ಮನೆಗಳು ಇನ್ನೂ ಮೂರಿದ್ದವು, ಮೂರೂ ತಮ್ಮ ಚೇಂಬರ್ ತೆರೆದುಕೊಟ್ಟವು. ಪುರಸಭೆ ತೀರ್ಮಾನ ಬದಲಾಯಿಸಿತು: ಪ್ರತಿ ಸೋಮವಾರ ಸಂತೆಯ ಹೊತ್ತಿಗೆ, ಪುರಸಭೆಯ ಮೆಟ್ಟಿಲ ಮೇಲಿಂದ, ಮೈಕಿನಲ್ಲಿ, ಊರಿಗೆಲ್ಲ ಓದಿ ಹೇಳುವುದು. ಮೊದಲ ಸೋಮವಾರ ಅಧ್ಯಕ್ಷೆ ಸಂಗವ್ವನವರೇ ಓದಬೇಕಿತ್ತು. ಅವರು ಕಾಗದವನ್ನು ಒಂದು ಸಲ ಕಣ್ಣಲ್ಲೇ ಓದಿಕೊಂಡರು. “ನೀನ ಓದವಾ,” ಎಂದು ಮೈಕನ್ನು ಕಸ್ತೂರಿಯ ಕೈಗೆ ಕೊಟ್ಟರು.

ತರಕಾರಿಯವರು ತಕ್ಕಡಿ ಕೆಳಗಿಟ್ಟರು. ಬಳೆಗಾರ ಹಿಡಿದಿದ್ದ ಕೈಯನ್ನು ಬಿಟ್ಟ. ನಾನು ಮರುದಿನಕ್ಕೆಂದು ಹಂಡೆ ಕಲಾಯಿ ಮಾಡಿಸಲು ಬಂದವನು ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ನಿಂತೆ.

“ಹಿರಿಯರ ಮನಿ, ಎರಡೂ ಸಾಲು, ಇಲ್ಲ,” ಎಂದು ಕಸ್ತೂರಿ ಓದಿದಳು. “ಕೆರಿದಂಡಿ ಮನಿ, ಇಲ್ಲ. ಗಡಿಯಾರ ಕಂಬದ ಮನಿ, ಇಲ್ಲ. ನೇಕಾರ ಓಣಿ ಮನಿ,” ಇಲ್ಲಿ ಒಮ್ಮೆ ಉಸಿರು ತೆಗೆದುಕೊಂಡಳು, “ಐತಿ.”

ಎಲ್ಲರೂ ಪಕ್ಕದವರ ಮುಖ ನೋಡಿದರು. ಯಾರ ಮೈಯೂ ಕಾಯಲಿಲ್ಲ. ಆಗ ಸೀರೆಯ ಅಂಗಡಿಯಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಕಸ್ತೂರಿಯ ನಾದಿನಿ, ಮದುವೆಯ ಎಲೆಯಿಂದ ಎದ್ದು ಹೋದವಳು. “ನಮ್ಮವ್ವ ಆ ಮನ್ಯಾಗ ಅದಾಳ,” ಎಂದಳು. ಮೆಟ್ಟಿಲ ಮೇಲಿದ್ದ ಕಸ್ತೂರಿ ಮೈಕನ್ನು ಕೆಳಗಿಟ್ಟು ಸೆರಗು ಬಿಗಿದುಕೊಂಡು ಇಳಿದಳು. “ನನ್ನ ಅತ್ತಿನೂ ಹೌದಲ್ಲ. ನಡಿ,” ಎಂದು ಅವಳ ಕೈ ಹಿಡಿದಳು. ಗಟಾರದ ಕೈ ಎಂದು ಅಸಹ್ಯಪಟ್ಟಿದ್ದವಳು ಆ ಕೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಇಬ್ಬರೂ ನೇಕಾರ ಓಣಿಯ ಕಡೆ ಓಡಿದರು. ಅವರ ಹಿಂದೆ ಡಾಕ್ಟರ್ ನಫೀಸಾ, ಕಡ್ಡಿಗಳ ಪೆಟ್ಟಿಗೆ ಹೊತ್ತ ಜಯತೀರ್ಥರು. ಔಷಧದ ಅಂಗಡಿಯವನು ಬಾಗಿಲೂ ಹಾಕದೆ ಹೊರಟ. ಬಟ್ಟೆ ಅಂಗಡಿಯವನು ಮೂಗಿಗೆ ಕಟ್ಟಲಿಕ್ಕೆಂದು ಥಾನಿನಿಂದ ಬಟ್ಟೆ ಹರಿದು ಹರಿದು ಓಡುವವರ ಕೈಗೆ ಕೊಟ್ಟ. ಕಾಯಿಲೆಯ ಸುದ್ದಿಗೆ ಊರು ಬೆನ್ನು ತಿರುಗಿಸಿ ಓಡಿದ್ದನ್ನು ನಾನು ಬಾಲ್ಯದಿಂದ ನೋಡಿದ್ದೆ. ಅದರ ಕಡೆಗೇ ಮುಖಮಾಡಿ ಓಡಿದ್ದನ್ನು ಅಂದೇ ಮೊದಲು ನೋಡಿದ್ದು.

ಆ ಮನೆಯಲ್ಲಿ ಏಳು ಮಂದಿ ಸಿಕ್ಕರು, ಏಳೂ ಮಂದಿ ಉಳಿದರು. ಅದು ಆಮೇಲಿನ ಮಾತು. ಆ ಹೊತ್ತಿನಲ್ಲಿ ನನಗೆ ತೋಚಿದ್ದು ಒಂದೇ: ಅಷ್ಟು ಜನಕ್ಕೆ ಗಂಜಿ ಬೇಕಾಗುತ್ತದೆ. ಹತ್ತಿರದ ಅಂಗಡಿಯವ ಕೇಳದೆಯೇ ನನ್ನ ಹಂಡೆಗೆ ಅಕ್ಕಿ ಸುರಿದ. ಅದನ್ನು ಹೆಗಲ ಮೇಲೆ ಸರಿಮಾಡಿಕೊಂಡು ನಾನೂ ಜನದ ಹಿಂದೆ ಓಡಿದೆ.